ಲಿನಕ್ಸ್ ಲ್ಯಾಪ್‌ಟಾಪ್ ಬೂಟ್ ಆಗದಿದ್ದಾಗ: ಫರ್ಮ್‌ವೇರ್ ಮತ್ತು ಸೆಕ್ಯೂರ್ ಬೂಟ್ ತೊಂದರೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಬೂಟ್ ಆಗುತ್ತಿಲ್ಲ ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ: ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಏಳಲು ಬಿಡುವ ಕಾವಲು) ಆಫ್ ಮಾಡಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಕೆಟ್ಟಿದ್ದು ಏನು ಅಂತ ಗೊತ್ತಾಗುವುದಿಲ್ಲ. ಜೊತೆಗೆ ವಿಂಡೋಸ್ ಇದ್ದರೆ ಅದರ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಎದ್ದು ಕೂತು 48 ಅಂಕಿಯ ರಿಕವರಿ ಕೀ ಕೇಳಬಹುದು, ಆಗ ಒಂದು ತೊಂದರೆ ಹೋಗಿ ಎರಡಾಗುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡುವುದು ರೋಗ ಪತ್ತೆ ಮಾಡಲು, ಔಷಧಿ ಅಂತ ಅಲ್ಲ. ನನ್ನ ಮಟ್ಟಿಗೆ ಮೊದಲ ಕೆಲಸ ಯಾವಾಗಲೂ ಒಂದೇ, ಮಶೀನು ಯಾವ ಹಂತದಲ್ಲಿ ನಿಂತಿದೆ ಅಂತ ನೋಡುವುದು.

ಕೊಡಗಿನಲ್ಲಿ ಕೂತು ಇದನ್ನೆಲ್ಲ ಮಾಡುವವರಿಗೆ ಎರಡು ಕಷ್ಟ ಜಾಸ್ತಿ. ಒಂದು ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಭಾಗಮಂಡಲ, ನಾಪೋಕ್ಲು ಕಡೆ ಮತ್ತೆ ಯಾವಾಗ ಬರುತ್ತದೆ ಅಂತ ಹೇಳಲು ಆಗುವುದಿಲ್ಲ, ಬಯೋಸ್ (ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ, ಮೊದಲು ಏಳುವ ಸಾಫ್ಟ್‌ವೇರ್) ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮಶೀನೇ ಏಳದೆ ಹೋಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಇನ್ನೊಂದು ದೂರ. ಬಯೋಸ್ ಚಿಪ್ ತೆಗೆದು ಬರೆದು ಕೊಡುವ ರಿಪೇರಿಯವರು ಬೇಕಾದರೆ ಬಹುತೇಕ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿಲೋಮೀಟರ್. ಹಾಗಾಗಿ ಇಲ್ಲಿ ಬರೆದಿರುವ ಕ್ರಮ ಸ್ವಲ್ಪ ಹುಷಾರಿನದ್ದು.

ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಬೂಟ್ ಹೇಗೆ ನಡೆಯುತ್ತದೆ

ಪವರ್ ಬಟನ್ ಒತ್ತಿದ ಮೇಲೆ ಮೊದಲು ಏಳುವುದು ಯುಇಎಫ್‌ಐ ಫರ್ಮ್‌ವೇರ್. ನಾವು ಈಗಲೂ ಬಯೋಸ್ ಅನ್ನುತ್ತೇವೆ, ತೊಂದರೆ ಇಲ್ಲ. ಅದು ಡಿಸ್ಕಿನ ಇಎಸ್‌ಪಿ ಅನ್ನುವ ಸಣ್ಣ ಫ್ಯಾಟ್32 ಪಾರ್ಟಿಷನ್‌ನಿಂದ ಶಿಮ್ ಅನ್ನುವ ಪುಟ್ಟ ಪ್ರೋಗ್ರಾಮನ್ನು ಓಡಿಸುತ್ತದೆ. ಶಿಮ್ ಗ್ರಬ್ (ಬೂಟ್ ಮೆನು ತೋರಿಸುವ ಪ್ರೋಗ್ರಾಮ್) ಅನ್ನು, ಗ್ರಬ್ ಕರ್ನಲ್ (ಲಿನಕ್ಸ್‌ನ ತಿರುಳು) ಅನ್ನು, ಕರ್ನಲ್ ತನ್ನ ಮಾಡ್ಯೂಲ್‌ಗಳನ್ನು (ಡ್ರೈವರ್ ಮುಂತಾದ ತುಂಡುಗಳನ್ನು) ಎಬ್ಬಿಸುತ್ತವೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಪ್ರತಿ ಹಂತದಲ್ಲೂ ಮುಂದಿನದ್ದರ ಸಹಿ ಪರೀಕ್ಷೆ ಆಗುತ್ತದೆ. ತೋಟದ ಗೇಟಿನಲ್ಲಿ ಸಾಹುಕಾರರ ಸಹಿ ಇರುವ ಚೀಟಿ ನೋಡಿ ಲಾರಿ ಒಳಗೆ ಬಿಡುವ ಹಾಗೆ.

ಫರ್ಮ್‌ವೇರ್ ಹತ್ತಿರ ಎರಡು ಪಟ್ಟಿ ಇರುತ್ತವೆ. ಡಿಬಿ ಅಂದರೆ ಯಾರ ಸಹಿ ಒಪ್ಪಬೇಕು ಅನ್ನುವ ಪಟ್ಟಿ. ಡಿಬಿಎಕ್ಸ್ ಅಂದರೆ ಸಹಿ ಇದ್ದರೂ ಒಳಗೆ ಬಿಡಬಾರದವರ ಪಟ್ಟಿ. ಇವನ್ನು ಯಾರು ಬದಲಿಸಬಹುದು ಅಂತ ತೀರ್ಮಾನಿಸಲು ಮೇಲೆ ಕೆಇಕೆ ಮತ್ತು ಪಿಕೆ ಅನ್ನುವ ಕೀಗಳಿವೆ. 2012ರಲ್ಲಿ ವಿಂಡೋಸ್ 8 ಜೊತೆ ಇದು ಬಹುತೇಕ ಹೊಸ ಲ್ಯಾಪ್‌ಟಾಪ್‌ಗಳಿಗೆ ಬಂತು. ಮೈಕ್ರೋಸಾಫ್ಟ್ ಕೀ ಬಹುತೇಕ ಎಲ್ಲ ಮಶೀನಿನಲ್ಲೂ ಇರುವುದರಿಂದ ಉಬುಂಟು, ಫೆಡೋರಾ, ಡೆಬಿಯನ್ ಮುಂತಾದ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ತಮ್ಮ ಶಿಮ್‌ಗೆ ಮೈಕ್ರೋಸಾಫ್ಟ್ ಸಹಿ ಹಾಕಿಸಿಕೊಳ್ಳುತ್ತವೆ. ಶಿಮ್‌ನ ಕೆಳಗಿನದ್ದಕ್ಕೆಲ್ಲ ಡಿಸ್ಟ್ರೋ ತನ್ನದೇ ಸಹಿ ಹಾಕುತ್ತದೆ. ನಾವೇ ಸೇರಿಸುವ ಕೀಗಳಿಗೆ ಮೋಕ್ ಅನ್ನುವ ಬೇರೆ ಪಟ್ಟಿ ಇದೆ. ಅದನ್ನು ನೋಡಿಕೊಳ್ಳುವುದು ಶಿಮ್.

ಪರದೆ ಮೇಲೆ ಏನು ಬರೆದಿದೆ ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಲ್ಯಾಪ್‌ಟಾಪ್ ಕಂಪನಿಯ ಲೋಗೋ ಬಂದ ಕೂಡಲೇ 'ಸೆಕ್ಯೂರ್ ಬೂಟ್ ವಯೊಲೇಷನ್' ಅಥವಾ 'ಇನ್‌ವ್ಯಾಲಿಡ್ ಸಿಗ್ನೇಚರ್ ಡಿಟೆಕ್ಟೆಡ್' ಅಂದರೆ ತಡೆದಿದ್ದು ಫರ್ಮ್‌ವೇರ್. 'ಎಸ್‌ಬಿಎಟಿ ಸೆಲ್ಫ್-ಚೆಕ್ ಫೇಲ್ಡ್' ಅಂದರೆ ಶಿಮ್. 'ಬ್ಯಾಡ್ ಶಿಮ್ ಸಿಗ್ನೇಚರ್' ಬಂದರೆ ಗ್ರಬ್‌ವರೆಗೆ ಎಲ್ಲ ಸರಿ ಇದೆ, ಕರ್ನಲ್ ಸಹಿ ಒಪ್ಪಿಗೆ ಆಗಿಲ್ಲ. 'ನೋ ಬೂಟಬಲ್ ಡಿವೈಸ್' ಬಂದರೆ ಸಹಿಯ ಮಾತೇ ಅಲ್ಲ, ಬೂಟ್ ಎಂಟ್ರಿ ಕಳೆದಿದೆ ಅಥವಾ ಡಿಸ್ಕ್ ಕಾಣುತ್ತಿಲ್ಲ. ಡೆಸ್ಕ್‌ಟಾಪ್ ಬಂದು ವೈಫೈ ಅಥವಾ ಗ್ರಾಫಿಕ್ಸ್ ಮಾತ್ರ ಇಲ್ಲ ಅಂದರೆ ಕೊನೆಯ ಹಂತದ ಮಾಡ್ಯೂಲ್ ತೊಂದರೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೈ ಹಾಕುವ ಮುಂಚೆ

ವಿಂಡೋಸ್ ಇದ್ದರೆ ಅದರ ರಿಕವರಿ ಕೀ ಮೊದಲು ಹುಡುಕಿ. ಬಹಳ ಜನರಿಗೆ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಅಂತಲೇ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ ಕೀ ಸಾಮಾನ್ಯವಾಗಿ ಅಲ್ಲಿರುತ್ತದೆ. ವಿಂಡೋಸ್ ಇನ್ನೂ ಏಳುತ್ತಿದ್ದರೆ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ಲಿನಕ್ಸ್ ಡಿಸ್ಕನ್ನು ಟಿಪಿಎಂ (ಕೀಗಳನ್ನು ಕಾಯುವ ಚಿಪ್) ಮೂಲಕ ತೆರೆಯುವ ಹಾಗೆ ಇಟ್ಟಿದ್ದರೂ ಇದೇ ಕಥೆ: ಸೆಕ್ಯೂರ್ ಬೂಟ್ ಆನ್-ಆಫ್ ಆದರೆ ಟಿಪಿಎಂ ಒಳಗಿನ ಪಿಸಿಆರ್ 7 ಅನ್ನುವ ದಾಖಲೆ ಬದಲಾಗುತ್ತದೆ, ಆಗ ಪಾಸ್‌ಫ್ರೇಸ್ ಬೇಕೇ ಬೇಕು. ಅದು ನೆನಪಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಹುಡುಕಿ.

ಒಂದು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲಿನಕ್ಸ್ ಓಡುವಂಥದ್ದು) ಇರಲಿ, ನಿಮ್ಮ ಡಿಸ್ಟ್ರೋದ್ದೇ ಹೊಸ ಆವೃತ್ತಿ. ವೆಂಟಾಯ್ (ಒಂದರಲ್ಲೇ ಹಲವು ಐಎಸ್‌ಒ, ಅಂದರೆ ಇನ್‌ಸ್ಟಾಲರ್ ಫೈಲು ಇಡುವ ಪ್ರೋಗ್ರಾಮ್) ಹಾಕಿದ ಪೆನ್‌ಡ್ರೈವ್ ಆದರೆ ಸೆಕ್ಯೂರ್ ಬೂಟ್ ಆನ್ ಇರುವ ಮಶೀನಿನಲ್ಲಿ ಮೊದಲ ಸಲ ಅದರ ಕೀಯನ್ನೇ ಸೇರಿಸಬೇಕಾಗುತ್ತದೆ. ಈ ಕೆಲಸಕ್ಕೆ ಒಂದೇ ಐಎಸ್‌ಒ ಬರೆದ ಸಾದಾ ಪೆನ್‌ಡ್ರೈವ್ ವಾಸಿ.

ಬಯೋಸ್‌ಗೆ ಹೋಗಲು ಡೆಲ್, ಏಸರ್, ಏಸಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಲಿನಕ್ಸ್ ಏಳುತ್ತಿದ್ದರೆ ಇದಾವುದೂ ಬೇಡ, 'ಸಿಸ್ಟಂಸಿಟಿಎಲ್ ರೀಬೂಟ್ --ಫರ್ಮ್‌ವೇರ್-ಸೆಟಪ್' ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ಒಳಗೆ ಹೋದ ಮೇಲೆ ಏನನ್ನೂ ಬದಲಿಸುವ ಮುಂಚೆ ಪ್ರತಿ ಪುಟದ ಫೋಟೋ ತೆಗೆಯಿರಿ. ಸುಮ್ನೆ ಹೇಳುತ್ತಿಲ್ಲ. ಡಿಫಾಲ್ಟ್ ಒತ್ತಿದ ಮೇಲೆ ಸ್ಟೋರೇಜ್ ಮೋಡ್ ಬದಲಾಗಿ ಡಿಸ್ಕೇ ಕಾಣದೆ ಹೋದಾಗ ಹಳೆಯ ಫೋಟೋ ಬಿಟ್ಟರೆ ಬೇರೆ ದಿಕ್ಕಿಲ್ಲ.

ಲಿನಕ್ಸ್ ಅಥವಾ ಲೈವ್ ಸಿಸ್ಟಂ ಎದ್ದ ಮೇಲೆ ಮೂರು ವಿಷಯ ನೋಡಿಕೊಳ್ಳಿ. '/ಸಿಸ್/ಫರ್ಮ್‌ವೇರ್/ಇಎಫ್‌ಐ' ಅನ್ನುವ ಫೋಲ್ಡರ್ ಇದೆಯಾ? ಇಲ್ಲದಿದ್ದರೆ ನೀವು ಹಳೆಯ ಲೆಗಸಿ ಮೋಡ್‌ನಲ್ಲಿ ಬೂಟ್ ಆಗಿದ್ದೀರಿ, ಬೂಟ್ ಮೆನುವಿನಲ್ಲಿ ಯುಇಎಫ್‌ಐ ಅಂತ ಬರೆದಿರುವ ಪೆನ್‌ಡ್ರೈವ್ ಆರಿಸಿ ಮತ್ತೆ ಬನ್ನಿ. 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಸೆಕ್ಯೂರ್ ಬೂಟ್ ಆನ್ ಇದೆಯಾ ಇಲ್ಲವಾ ಹೇಳುತ್ತದೆ. 'ಸುಡೊ ಡಿಎಂಐಡೀಕೋಡ್ -ಎಸ್ ಬಯೋಸ್-ವರ್ಷನ್' ಫರ್ಮ್‌ವೇರ್ ಆವೃತ್ತಿ ಕೊಡುತ್ತದೆ.

ಫರ್ಮ್‌ವೇರೇ ತಡೆದರೆ

ಹೊಸ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಹಾಕಿದರೆ ಸೆಕ್ಯೂರ್ ಬೂಟ್ ತಪ್ಪು ತೋರಿಸುತ್ತದೆ, ಐಎಸ್‌ಒ ಸರಿಯಾಗಿಯೇ ಇದೆ. 2022ರ ನಂತರದ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಮತ್ತು ಸೆಕ್ಯೂರ್ಡ್-ಕೋರ್ ಅಂತ ಮಾರುವ ಮಶೀನುಗಳಲ್ಲಿ ಇದು ಮಾಮೂಲಿ. ಅವು ವಿಂಡೋಸ್ ಸಹಿಯನ್ನು ಮಾತ್ರ ಒಪ್ಪುತ್ತವೆ. ಶಿಮ್‌ಗೆ ಸಹಿ ಹಾಕುವ ಮೈಕ್ರೋಸಾಫ್ಟ್‌ನ ಇನ್ನೊಂದು ಕೀಯನ್ನು ಕಂಪನಿಯವರು ಆಫ್ ಮಾಡಿ ಕಳಿಸಿರುತ್ತಾರೆ. ಬಯೋಸ್‌ನ ಸೆಕ್ಯೂರಿಟಿ ವಿಭಾಗದಲ್ಲಿ 'ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ' ಅಂತ ಒಂದು ಸ್ವಿಚ್ ಇರುತ್ತದೆ, ಆನ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಬರುವುದಿಲ್ಲ.

ಏಸರ್‌ನಲ್ಲಿ ಸೆಕ್ಯೂರ್ ಬೂಟ್ ಸಾಲು ಬೂದು ಬಣ್ಣದಲ್ಲಿ ಕೂತು ಅಲುಗಾಡುವುದಿಲ್ಲ. ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಅದು ತೆರೆಯುತ್ತದೆ. ಪಾಸ್‌ವರ್ಡ್ ಎಲ್ಲಾದರೂ ಬರೆದಿಡಿ, ಮರೆತರೆ ಬಿಡಿಸುವುದು ದೊಡ್ಡ ಗೋಳು. ಅಲ್ಲೇ ಒಂದು ಇಎಫ್‌ಐ ಫೈಲನ್ನು ನಂಬಿಕಸ್ಥ ಅಂತ ಗುರುತು ಹಾಕುವ ಸಾಲೂ ಇರುತ್ತದೆ, ಶಿಮ್ ಫೈಲನ್ನು ಅಲ್ಲಿ ಆರಿಸಬಹುದು.

ಕೀಗಳೇ ಅಳಿಸಿಹೋಗಿದ್ದರೆ 'ರಿಸ್ಟೋರ್ ಫ್ಯಾಕ್ಟರಿ ಕೀಸ್' ಒತ್ತಿ. ಸ್ವಂತ ಕೀ ಹಾಕಿಕೊಳ್ಳುವ ಆರ್ಚ್ ಲಿನಕ್ಸ್ ಬಳಗದವರಿಗೆ ಒಂದು ಮಾತು: ಕೀ ಸೇರಿಸುವ ಎಸ್‌ಬಿಸಿಟಿಎಲ್ ಕಮಾಂಡಿನಲ್ಲಿ ಎನ್ರೋಲ್ ಮಾಡುವಾಗ ಮೈಕ್ರೋಸಾಫ್ಟ್ ಕೀಗಳನ್ನೂ ಉಳಿಸುವ '-ಎಂ' ಆಪ್ಷನ್ ಬಿಡಬೇಡಿ. ಗ್ರಾಫಿಕ್ಸ್ ಮುಂತಾದ ಹಾರ್ಡ್‌ವೇರಿನ ಒಳಗಿನ ಫರ್ಮ್‌ವೇರಿಗೂ ಅದೇ ಸಹಿ ಇರಬಹುದು, ಕೀ ತೆಗೆದರೆ ಕೆಲವು ಮಶೀನುಗಳಲ್ಲಿ ಬಯೋಸ್ ಪರದೆಯೂ ಬರುವುದಿಲ್ಲ.

ಎಸ್‌ಬಿಎಟಿ ತಪ್ಪು

2020ರ ಜುಲೈನಲ್ಲಿ ಗ್ರಬ್‌ನಲ್ಲಿ ಬೂಟ್‌ಹೋಲ್ ಅನ್ನುವ ದೊಡ್ಡ ತೂತು ಸಿಕ್ಕಿತು. ಸಹಿ ಇರುವ ಹಳೆಯ ಗ್ರಬ್‌ಗಳನ್ನೆಲ್ಲ ಒಂದೊಂದಾಗಿ ಡಿಬಿಎಕ್ಸ್‌ಗೆ ಸೇರಿಸಿದರೆ ಆ ಪಟ್ಟಿಗಿರುವ ಜಾಗವೇ ಸಾಲದು. ಅದಕ್ಕೇ ಆವೃತ್ತಿ ಸಂಖ್ಯೆ ನೋಡಿ ತಡೆಯುವ ಎಸ್‌ಬಿಎಟಿ ಬಂತು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಈ ಸಂಖ್ಯೆಯನ್ನು ಏರಿಸಿತು. ಡ್ಯುಯಲ್ ಬೂಟ್ ಇದ್ದ ಎಷ್ಟೋ ಮಶೀನುಗಳಲ್ಲಿ ಲಿನಕ್ಸ್ ನಿಂತಿತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಲಿನಕ್ಸ್ ಇದ್ದರೆ, ಅಥವಾ ಹಳೆಯ ಪೆನ್‌ಡ್ರೈವ್ ಹಾಕಿದರೆ ಈಗಲೂ ಇದೇ ಪರದೆ ಬರಬಹುದು.

ಇಲ್ಲಿ ಮಾತ್ರ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಲೇಬೇಕು. ಆಫ್ ಮಾಡಿ ಲಿನಕ್ಸ್‌ಗೆ ಬನ್ನಿ. ಮೊದಲು ಶಿಮ್ ಮತ್ತು ಗ್ರಬ್ ಪ್ಯಾಕೇಜ್ ಅಪ್‌ಡೇಟ್ ಮಾಡಿ. ಆಮೇಲೆ 'ಸುಡೊ ಮೋಕ್‌ಯುಟಿಲ್ --ಸೆಟ್-ಎಸ್‌ಬಿಎಟಿ-ಪಾಲಿಸಿ ಡಿಲೀಟ್' ಕೊಡಿ. ಸೆಕ್ಯೂರ್ ಬೂಟ್ ಇನ್ನೂ ಆಫ್ ಇರುವಾಗಲೇ ಒಂದು ಸಲ ಲಿನಕ್ಸ್‌ಗೇ ರೀಬೂಟ್ ಆಗಿ, ಯಾಕೆಂದರೆ ನಿಜವಾದ ಅಳಿಸುವಿಕೆ ನಡೆಯುವುದು ಆ ಬೂಟಿನಲ್ಲಿ. ಇದನ್ನು ಬಿಟ್ಟು ನೇರ ಬಯೋಸ್‌ಗೆ ಹೋಗಿ ಆನ್ ಮಾಡಿದರೆ ಅದೇ ತಪ್ಪು ಮತ್ತೆ ಬರುತ್ತದೆ. 'ಮೋಕ್‌ಯುಟಿಲ್ --ಲಿಸ್ಟ್-ಎಸ್‌ಬಿಎಟಿ-ರಿವೊಕೇಷನ್ಸ್' ಕೊಟ್ಟು ನೋಡಿಕೊಂಡು, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ.

ಬೂಟ್ ಎಂಟ್ರಿ ಕಳೆದರೆ

ಬಯೋಸ್ ಅಪ್‌ಡೇಟ್ ಆದ ಮೇಲೆ ನೇರ ವಿಂಡೋಸ್‌ಗೇ ಹೋಗುವುದು, ಗ್ರಬ್ ಮೆನುವೇ ಬಾರದಿರುವುದು. ಇದಕ್ಕೆ ಹೆದರುವ ಅಗತ್ಯ ಇಲ್ಲ. ಫೈಲುಗಳು ಇಎಸ್‌ಪಿಯಲ್ಲಿ ಹಾಗೇ ಇರುತ್ತವೆ, ಫರ್ಮ್‌ವೇರಿನ ಪಟ್ಟಿಯಿಂದ ಹೆಸರು ಹೋಗಿದೆ ಅಷ್ಟೆ.

ಲೈವ್ ಪೆನ್‌ಡ್ರೈವ್‌ನಿಂದ ಎದ್ದು 'ಸುಡೊ ಇಎಫ್‌ಐಬೂಟ್‌ಎಂಜಿಆರ್ -ವಿ' ಕೊಟ್ಟರೆ ಪಟ್ಟಿ ಕಾಣುತ್ತದೆ. ನಿಮ್ಮ ಡಿಸ್ಟ್ರೋ ಹೆಸರು ಇದ್ದು ಸಾಲಿನಲ್ಲಿ ಹಿಂದೆ ಇದ್ದರೆ '-ಒ' ಕೊಟ್ಟು ಮುಂದೆ ತನ್ನಿ. ಹೆಸರೇ ಇಲ್ಲದಿದ್ದರೆ ಹೊಸದು ಮಾಡಬೇಕು. '-ಸಿ' ಹೊಸ ಎಂಟ್ರಿಗೆ, '-ಡಿ' ಡಿಸ್ಕಿಗೆ, '-ಪಿ' ಇಎಸ್‌ಪಿ ಪಾರ್ಟಿಷನ್ ಸಂಖ್ಯೆಗೆ, ದೊಡ್ಡಕ್ಷರದ '-ಎಲ್' ಹೆಸರಿಗೆ, ಸಣ್ಣಕ್ಷರದ '-ಎಲ್' ಫೈಲ್ ದಾರಿಗೆ. ಉಬುಂಟು ಆದರೆ ಆ ದಾರಿ '\ಇಎಫ್‌ಐ\ಉಬುಂಟು\ಶಿಮ್‌ಎಕ್ಸ್64.ಇಎಫ್‌ಐ'. ಗ್ರಬ್ ಫೈಲ್ ಕೊಡಬೇಡಿ, ಸೆಕ್ಯೂರ್ ಬೂಟ್ ಇದ್ದರೆ ಫರ್ಮ್‌ವೇರ್ ಶಿಮ್ ಅನ್ನು ಮಾತ್ರ ಒಪ್ಪುತ್ತದೆ. ಡಿಸ್ಕ್ ಮತ್ತು ಪಾರ್ಟಿಷನ್ ಸಂಖ್ಯೆಯನ್ನು 'ಎಲ್‌ಎಸ್‌ಬಿಎಲ್‌ಕೆ -ಎಫ್' ತೋರಿಸುತ್ತದೆ, ಊಹೆ ಮಾಡಬೇಡಿ.

ಕೆಲವು ಫರ್ಮ್‌ವೇರ್‌ಗಳು ಎಷ್ಟು ಸಲ ಬರೆದುಕೊಟ್ಟರೂ ಮರೆಯುತ್ತವೆ. ಅಂಥವಕ್ಕೆ ಇಎಸ್‌ಪಿಯ '\ಇಎಫ್‌ಐ\ಬೂಟ್' ಫೋಲ್ಡರಿನಲ್ಲಿ 'ಬೂಟ್‌ಎಕ್ಸ್64.ಇಎಫ್‌ಐ' ಅನ್ನುವ ಹೆಸರಿನಲ್ಲಿ ಶಿಮ್ ಇಟ್ಟರೆ ಸಾಕು. ಎಂಟ್ರಿ ಇಲ್ಲದಾಗ ಎಲ್ಲ ಯುಇಎಫ್‌ಐ ಮಶೀನುಗಳೂ ಅದನ್ನೇ ಹುಡುಕುತ್ತವೆ. ಜೊತೆಯಲ್ಲಿ ಗ್ರಬ್ ಮತ್ತು ಮೋಕ್ ಮ್ಯಾನೇಜರ್ ಫೈಲುಗಳೂ ಅಲ್ಲೇ ಇರಲಿ.

ಫೈಲುಗಳೇ ಕೆಟ್ಟಿದ್ದರೆ ಲೈವ್ ಸಿಸ್ಟಂನಿಂದ ರೂಟ್ ಮತ್ತು ಇಎಸ್‌ಪಿ ಮೌಂಟ್ ಮಾಡಿ, ಸಿಎಚ್‌ರೂಟ್ ಆಗಿ (ಅಂದರೆ ಡಿಸ್ಕಿನಲ್ಲಿರುವ ಲಿನಕ್ಸ್ ಒಳಗೆ ಹೊಕ್ಕು), ಪ್ಯಾಕೇಜ್ ಮತ್ತೆ ಹಾಕಿ. ಉಬುಂಟುವಿನಲ್ಲಿ ಶಿಮ್-ಸೈನ್ಡ್ ಮತ್ತು ಗ್ರಬ್-ಇಎಫ್‌ಐ-ಎಎಮ್‌ಡಿ64-ಸೈನ್ಡ್ ರೀಇನ್‌ಸ್ಟಾಲ್ ಮಾಡಿ ಗ್ರಬ್-ಇನ್‌ಸ್ಟಾಲ್ ಓಡಿಸಬೇಕು. ಫೆಡೋರಾದಲ್ಲಿ ಪ್ಯಾಕೇಜ್ ರೀಇನ್‌ಸ್ಟಾಲ್ ಮಾತ್ರ. ಅಲ್ಲಿ ಗ್ರಬ್2-ಇನ್‌ಸ್ಟಾಲ್ ಓಡಿಸಿದರೆ ಸಹಿ ಇಲ್ಲದ ಗ್ರಬ್ ಬಂದು ಕೂರುತ್ತದೆ.

ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ಸಾಲು ನೋಡಿ. ಇಂಟೆಲ್ ಆರ್‌ಎಸ್‌ಟಿ ಅಂತ ಇದ್ದರೆ ಎಎಚ್‌ಸಿಐಗೆ ತನ್ನಿ. ಆದರೆ ವಿಂಡೋಸ್ ಇರುವ ಮಶೀನಿನಲ್ಲಿ ಹಾಗೇ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸ್ ಸೇಫ್ ಮೋಡ್‌ಗೆ ಸೆಟ್ ಮಾಡಿ, ಬಯೋಸ್‌ನಲ್ಲಿ ಬದಲಿಸಿ, ಒಂದು ಸಲ ಸೇಫ್ ಮೋಡ್‌ನಲ್ಲಿ ಎದ್ದು, ಆಮೇಲೆ ಮಾಮೂಲಿಗೆ ತನ್ನಿ.

ಬ್ಯಾಡ್ ಶಿಮ್ ಸಿಗ್ನೇಚರ್

ಉಬುಂಟುವಿನಲ್ಲಿ ಹೊಸ ಹಾರ್ಡ್‌ವೇರಿಗಾಗಿ ಮೇನ್‌ಲೈನ್ ಕರ್ನಲ್ (ಉಬುಂಟು ತಿದ್ದದ ಮೂಲ ಕರ್ನಲ್) ಹಾಕಿಕೊಂಡವರಿಗೆ ಇದು ಗ್ಯಾರಂಟಿ ಬರುತ್ತದೆ, ಆ ಕರ್ನಲ್‌ಗೆ ಸಹಿ ಇಲ್ಲ. ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ ಒಳಗೆ ಬನ್ನಿ, ಸಹಿ ಇಲ್ಲದ್ದನ್ನು ತೆಗೆಯಿರಿ. ಮುಗಿಯಿತು.

ಮಾಡ್ಯೂಲ್ ಮತ್ತು ಮೋಕ್

ಎನ್‌ವಿಡಿಯಾ ಡ್ರೈವರ್, ವರ್ಚುವಲ್‌ಬಾಕ್ಸ್, ಹೊರಗಿನಿಂದ ತಂದ ರಿಯಲ್‌ಟೆಕ್ ವೈಫೈ ಡ್ರೈವರ್, ಎಲ್ಲಕ್ಕೂ ಒಂದೇ ಗೋಳು. 'ಮಾಡ್‌ಪ್ರೋಬ್' ಕೊಟ್ಟರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅನ್ನುತ್ತದೆ. ಮಾಡ್ಯೂಲ್ ನಿಮ್ಮ ಮಶೀನಿನಲ್ಲೇ ತಯಾರಾಗಿದೆ, ಅದಕ್ಕೆ ಸಹಿ ಹಾಕಿದ ಕೀ ಯಾರಿಗೂ ಗೊತ್ತಿಲ್ಲ. ಆ ಕೀಯನ್ನು ಮೋಕ್ ಪಟ್ಟಿಗೆ ಸೇರಿಸಬೇಕು.

ಕೀ ಎಲ್ಲಿರುತ್ತದೆ? ಉಬುಂಟುವಿನಲ್ಲಿ '/ವಾರ್/ಲಿಬ್/ಶಿಮ್-ಸೈನ್ಡ್/ಮೋಕ್' ಫೋಲ್ಡರಿನಲ್ಲಿ '.ಡರ್' (ಡಿ-ಇ-ಆರ್) ಅಂತ ಮುಗಿಯುವ ಫೈಲ್. ಡೆಬಿಯನ್‌ನಲ್ಲಿ '/ವಾರ್/ಲಿಬ್/ಡಿಕೆಎಂಎಸ್' ಒಳಗೆ ಮೋಕ್.ಪಬ್. ಫೆಡೋರಾದಲ್ಲಿ '/ಇಟಿಸಿ/ಪಿಕೆಐ/ಎಕೆಮಾಡ್ಸ್/ಸರ್ಟ್ಸ್' ಒಳಗೆ. 'ಸುಡೊ ಮೋಕ್‌ಯುಟಿಲ್ --ಇಂಪೋರ್ಟ್' ಬರೆದು ಮುಂದೆ ಆ ಫೈಲಿನ ದಾರಿ ಕೊಡಿ. ಒಂದು ಪಾಸ್‌ವರ್ಡ್ ಕೇಳುತ್ತದೆ. ಅದು ಮುಂದಿನ ಬೂಟಿಗೆ ಮಾತ್ರ, ಹಾಗಾಗಿ ಎಂಟು ಅಕ್ಷರದ ಸುಲಭದ್ದು ಕೊಡಿ. ಚಿಹ್ನೆಗಳು ಬೇಡ, ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತದೆ.

ರೀಬೂಟ್ ಆದಾಗ ಎದುರಿಗೇ ಕೂತಿರಿ. ಕಾಫಿಗೆ ಎದ್ದು ಹೋಗಬೇಡಿ. ನೀಲಿ ಪರದೆ 'ಯಾವುದಾದರೂ ಕೀ ಒತ್ತಿ' ಅಂತ 10 ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಒತ್ತದಿದ್ದರೆ ಸುಮ್ಮನೆ ಬೂಟ್ ಆಗುತ್ತದೆ, ಮತ್ತೆ ಮೊದಲಿನಿಂದ ಇಂಪೋರ್ಟ್ ಮಾಡಬೇಕು. 'ಎನ್ರೋಲ್ ಮೋಕ್', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, ರೀಬೂಟ್. ಇಷ್ಟೇ. ಇದಾದ ಮೇಲೂ ಮಾಡ್ಯೂಲ್ ಏಳದಿದ್ದರೆ 'ಮಾಡ್‌ಇನ್ಫೋ -ಎಫ್ ಸೈನರ್' ಮುಂದೆ ಮಾಡ್ಯೂಲ್ ಹೆಸರು ಕೊಟ್ಟು, ಸಹಿ ಇದೆಯಾ ಅಂತ ನೋಡಿ. ಇಲ್ಲಿ '-ಎಫ್' ದೊಡ್ಡಕ್ಷರ. ಖಾಲಿ ಬಂದರೆ ಸಹಿಯೇ ಬಿದ್ದಿಲ್ಲ, ಮಾಡ್ಯೂಲನ್ನು ಮತ್ತೆ ಬಿಲ್ಡ್ ಮಾಡಿಸಿ.

ವೈಫೈ ಇಲ್ಲ

ಇದು ಬೇರೆ ಫರ್ಮ್‌ವೇರ್. ಬಯೋಸ್ ಅಲ್ಲ, ವೈಫೈ ಚಿಪ್ಪಿಗೆ ಕರ್ನಲ್ ತುಂಬಿಸುವ ಫೈಲು. 'ಸುಡೊ ಡಿಮೆಸೇಜ್' ಸಾಲುಗಳಲ್ಲಿ ಫರ್ಮ್‌ವೇರ್ ಅಂತ ಹುಡುಕಿ. ಆ ಕಮಾಂಡಿನ ಸ್ಪೆಲಿಂಗ್ ಡಿ-ಎಂ-ಇ-ಎಸ್-ಜಿ. ಲೋಡ್ ಫೇಲ್ಡ್ ಜೊತೆ 'ಎರರ್ -2' ಇದ್ದರೆ ಫೈಲ್ ಸಿಕ್ಕಿಲ್ಲ ಅಂತ. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹಾಕಿ ಅಥವಾ ಅಪ್‌ಡೇಟ್ ಮಾಡಿ. ನೆಟ್ ಇಲ್ಲದೆ ಹೇಗೆ ಅಂದರೆ, ಮೊಬೈಲನ್ನು ಕೇಬಲ್‌ನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಬಹುತೇಕ ಆಂಡ್ರಾಯ್ಡ್ ಫೋನ್ ಯಾವ ಡ್ರೈವರೂ ಇಲ್ಲದೆ ಕೆಲಸ ಮಾಡುತ್ತವೆ. ತೋಟದ ಮನೆಯಲ್ಲಿ ಟವರ್ ಸಿಗದಿದ್ದರೆ ಸಿಗ್ನಲ್ ಸಿಗುವ ಗುಡ್ಡಕ್ಕೆ ಲ್ಯಾಪ್‌ಟಾಪ್ ಹೊರಬೇಕಿಲ್ಲ, ಪ್ಯಾಕೇಜ್ ಫೈಲನ್ನು ಫೋನಿಗೇ ಇಳಿಸಿಕೊಂಡು ಬಂದು ಕಾಪಿ ಮಾಡಿದರೂ ಆಗುತ್ತದೆ. ಡೆಬಿಯನ್‌ನವರು 12ಕ್ಕಿಂತ ಹಳೆಯ ಇನ್‌ಸ್ಟಾಲರ್ ಬಳಸಬೇಡಿ, ಈ ಫೈಲುಗಳು ಮಾಮೂಲಿ ಇನ್‌ಸ್ಟಾಲರ್ ಒಳಗೆ ಬಂದಿದ್ದು 2023ರ ಡೆಬಿಯನ್ 12ರಿಂದ.

ಫರ್ಮ್‌ವೇರ್ ಅಪ್‌ಡೇಟ್

ಲಿನಕ್ಸ್‌ನಲ್ಲೇ ಬಯೋಸ್ ಅಪ್‌ಡೇಟ್ ಮಾಡಲು ಎಫ್‌ಡಬ್ಲ್ಯುಅಪ್‌ಡಿ ಇದೆ. ಡೆಲ್, ಲೆನೊವೊ, ಎಚ್‌ಪಿ ಮುಂತಾದವರು ಹಲವು ಮಾಡೆಲ್‌ಗಳ ಫೈಲುಗಳನ್ನು ಎಲ್‌ವಿಎಫ್‌ಎಸ್ ಅನ್ನುವ ಸರ್ವರಿಗೆ ಹಾಕುತ್ತಾರೆ. 'ಎಫ್‌ಡಬ್ಲ್ಯುಅಪ್‌ಡಿಎಂಜಿಆರ್ ರಿಫ್ರೆಶ್', ಆಮೇಲೆ 'ಗೆಟ್-ಅಪ್‌ಡೇಟ್ಸ್', ಆಮೇಲೆ 'ಅಪ್‌ಡೇಟ್'. ನೆಟ್ ಸರಿ ಇಲ್ಲದಿದ್ದರೆ ಅಪ್‌ಡೇಟಿನ ಕ್ಯಾಬ್ ಫೈಲನ್ನು ಬೇರೆ ಕಡೆ ಇಳಿಸಿ ತಂದು 'ಲೋಕಲ್-ಇನ್‌ಸ್ಟಾಲ್' ಕೊಡಿ. ನಿಮ್ಮ ಮಾಡೆಲ್ ಅಲ್ಲಿ ಇಲ್ಲದಿದ್ದರೆ ದಾರಿ ಬೇರೆ: ಡೆಲ್‌ನಲ್ಲಿ ಎಕ್ಸಿ ಫೈಲನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ ಎಫ್12 ಮೆನುವಿನಿಂದ, ಏಸಸ್‌ನಲ್ಲಿ ಬಯೋಸ್ ಒಳಗಿನ ಈಜಿ ಫ್ಲ್ಯಾಶ್‌ನಿಂದ.

ಮಳೆಗಾಲದಲ್ಲಿ ನಾನು ತುರ್ತಿಲ್ಲದ ಬಯೋಸ್ ಅಪ್‌ಡೇಟ್ ಮಾಡಬೇಡಿ ಅಂತಲೇ ಹೇಳುತ್ತೇನೆ. ಮಾಡಲೇಬೇಕಾದರೆ ಬ್ಯಾಟರಿ ಪೂರ್ತಿ ತುಂಬಿರಲಿ, ಚಾರ್ಜರ್ ಹಾಕಿರಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮುಟ್ಟಲೇಬೇಡಿ. ಸಿಡಿಲು ಮಿಂಚು ಇದ್ದರೆ ನಾಳೆ ಮಾಡಿದರಾಯಿತು. 'ಇಎಸ್‌ಪಿಯಲ್ಲಿ ಜಾಗ ಇಲ್ಲ' ಅಂತ ಬಂದರೆ ಸಿಕ್ಕಿದ್ದನ್ನೆಲ್ಲ ಅಳಿಸಬೇಡಿ, ಮೈಕ್ರೋಸಾಫ್ಟ್ ಫೋಲ್ಡರ್ ಮತ್ತು ನಿಮ್ಮ ಡಿಸ್ಟ್ರೋ ಫೋಲ್ಡರ್ ಬಿಟ್ಟು ಹಿಂದೆ ಇದ್ದು ಈಗ ಇಲ್ಲದ ಡಿಸ್ಟ್ರೋಗಳ ಫೋಲ್ಡರ್ ಮಾತ್ರ ತೆಗೆಯಿರಿ. ಇನ್ನು '/ಸಿಸ್' ಒಳಗಿನ 'ಇಎಫ್‌ಐವಾರ್ಸ್' ಕಡೆಗಂತೂ ಹೋಗಲೇಬೇಡಿ. ಅಲ್ಲಿ ಅಳಿಸಿದ್ದು ಡಿಸ್ಕಿನಿಂದ ಹೋಗುವುದಲ್ಲ, ಮದರ್‌ಬೋರ್ಡಿನಿಂದ ಹೋಗುತ್ತದೆ.

ಒಂದು ಅಪ್‌ಡೇಟ್ ಮಾತ್ರ ಮುಂದೂಡಬೇಡಿ. ಮೈಕ್ರೋಸಾಫ್ಟ್‌ನ 2011ರ ಕೀಗಳಲ್ಲಿ ಶಿಮ್‌ಗೆ ಸಹಿ ಹಾಕುವುದರ ಅವಧಿ 2026ರ ಜೂನ್‌ವರೆಗೆ ಮಾತ್ರ, ಅದರ ಜಾಗಕ್ಕೆ 2023ರ ಕೀ ಬಂದಿದೆ. ಅವಧಿ ಮುಗಿದ ದಿನವೇ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ, ಈಗಾಗಲೇ ಸಹಿ ಇರುವ ಶಿಮ್ ಓಡುತ್ತಲೇ ಇರುತ್ತದೆ. ಆದರೆ 2023ರ ಕೀಯಿಂದ ಮಾತ್ರ ಸಹಿ ಆದ ಶಿಮ್ ಬಂದಾಗ ಹಳೆಯ ಡಿಬಿ ಅದನ್ನು ಒಪ್ಪುವುದಿಲ್ಲ. 'ಮೋಕ್‌ಯುಟಿಲ್ --ಡಿಬಿ' ಕೊಟ್ಟು ಪಟ್ಟಿಯಲ್ಲಿ 2023 ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಬಯೋಸ್ ಅಪ್‌ಡೇಟ್ ಅಥವಾ ಎಫ್‌ಡಬ್ಲ್ಯುಅಪ್‌ಡಿ ತರುವ ಡಿಬಿ, ಕೆಇಕೆ ಅಪ್‌ಡೇಟ್ ಹಾಕಿಸಿಕೊಳ್ಳಿ.

ಮಳೆಗಾಲದ ಇನ್ನೆರಡು

ಕರೆಂಟ್ ಹೋಗಿ ಬ್ಯಾಟರಿ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ ತಾನೇ ಹೈಬರ್ನೇಟ್ ಆಗಲಿ ಅಂತ ಸೆಟ್ ಮಾಡಿದವರು ಗಮನಿಸಿ: ಉಬುಂಟು, ಫೆಡೋರಾದಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಕರ್ನಲ್ ಲಾಕ್‌ಡೌನ್ ಆಗುತ್ತದೆ, ಹೈಬರ್ನೇಟ್ ಆಗುವುದಿಲ್ಲ. ಇದು ತೊಂದರೆ ಅಲ್ಲ, ಬೇಕಂತಲೇ ಇಟ್ಟ ನಿಯಮ. ಎರಡರಲ್ಲಿ ಒಂದನ್ನು ಆರಿಸಬೇಕು. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಮನೆಯಲ್ಲಿ ಹೈಬರ್ನೇಟ್ ಬೇಕೇ ಬೇಕು ಅನ್ನುವವರು ಸೆಕ್ಯೂರ್ ಬೂಟ್ ಆಫ್ ಇಟ್ಟರೆ ನಾನು ಜಗಳ ಮಾಡುವುದಿಲ್ಲ, ಡಿಸ್ಕ್ ಮಾತ್ರ ಎನ್‌ಕ್ರಿಪ್ಟ್ ಆಗಿರಲಿ.

ಇನ್ನೊಂದು ಗಡಿಯಾರ. ತಿಂಗಳುಗಟ್ಟಲೆ ಮುಟ್ಟದ ಲ್ಯಾಪ್‌ಟಾಪ್ ತೆಗೆದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ, ಅಪ್‌ಡೇಟ್ ಮಾಡಿದರೆ ರಿಲೀಸ್ ಫೈಲ್ ಇನ್ನೂ ಊರ್ಜಿತ ಅಲ್ಲ ಅನ್ನುತ್ತದೆ, ಬ್ರೌಸರ್ ಎಲ್ಲ ಸೈಟ್‌ಗೂ ಸರ್ಟಿಫಿಕೇಟ್ ತಪ್ಪು ಅನ್ನುತ್ತದೆ. ಕಾಯಿನ್ ಸೆಲ್ (ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ) ಮುಗಿದಿದೆ. ಕೆಲವು ಮಶೀನುಗಳಲ್ಲಿ ಬಯೋಸ್ ಸೆಟ್ಟಿಂಗೂ ಡಿಫಾಲ್ಟ್‌ಗೆ ಹೋಗಿ ಸೆಕ್ಯೂರ್ ಬೂಟ್ ತಾನೇ ಆನ್ ಆಗಿರುತ್ತದೆ. ತೇವಕ್ಕೆ ಸೆಲ್ಲಿನ ಹಿಡಿಯಲ್ಲಿ ಕಿಲುಬು ಹಿಡಿದಿದೆಯಾ ಅದನ್ನೂ ನೋಡಿ.

ಪರದೆಯೇ ಬರದಿದ್ದರೆ

ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ಮತ್ತೆ ಹಾಕಿ ನೋಡಿ. ಅಪ್‌ಡೇಟ್ ಆದ ಮೇಲಿನ ಮೊದಲ ಬೂಟ್ ಆದರೆ ಕೆಲವು ನಿಮಿಷ ಕಪ್ಪು ಪರದೆ ಇರುವುದು ಸಹಜ, ತಾಳ್ಮೆ ಇರಲಿ. ಹಲವು ಎಚ್‌ಪಿ ಮಾಡೆಲ್‌ಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು ಪವರ್ ಒತ್ತಿದರೆ ಬಯೋಸ್ ರಿಕವರಿ ಶುರುವಾಗುತ್ತದೆ. ಹಲವು ಡೆಲ್‌ಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡು ಚಾರ್ಜರ್ ಹಾಕಬೇಕು.

ಇದಕ್ಕೂ ಏಳದಿದ್ದರೆ ಚಿಪ್ಪಿಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಿಂದ ಬರೆಯಬೇಕು. ಆ ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಸಂಖ್ಯೆ ಮತ್ತು ಕೊನೆಗೆ ಇದ್ದ ಬಯೋಸ್ ಆವೃತ್ತಿ ಬರೆದುಕೊಂಡು ಹೋಗಿ. ಹೊಸದು ಬರೆಯುವ ಮುಂಚೆ ಹಳೆಯ ಚಿಪ್ಪಿನ ಡಂಪ್ ತೆಗೆದು ನಿಮಗೂ ಒಂದು ಪ್ರತಿ ಕೊಡಲು ಹೇಳಿ. ಸೀರಿಯಲ್ ನಂಬರ್ ಮತ್ತು ವಿಂಡೋಸ್ ಲೈಸೆನ್ಸ್ ಕೀ ಆ ಚಿಪ್ಪಿನಲ್ಲೇ ಇರುತ್ತವೆ. ಬೇರೆ ಮಶೀನಿನ ಫೈಲನ್ನು ಹಾಗೇ ಬರೆದುಕೊಟ್ಟರೆ ಲ್ಯಾಪ್‌ಟಾಪ್ ಏಳಬಹುದು, ಆದರೆ ಅವೆರಡೂ ನಿಮ್ಮದಾಗಿರುವುದಿಲ್ಲ.